ಕೀಲಿಕೈ ಯಾರ ಕೈಯಲ್ಲಿ?

ಔರಾದದಲ್ಲಿರುವ ನಮ್ಮ ಅವ್ವನ ಮನೆಯ ಕೀಲಿಕೈ ಹದಿನಾಲ್ಕು ತಿಂಗಳು ಬೀದರದ ನನ್ನ ಕಪಾಟಿನಲ್ಲಿತ್ತು. ನಾನೇನೂ ಅದನ್ನು ಕಸಿದುಕೊಂಡು ಬಂದಿರಲಿಲ್ಲ. ಜೋಪಾನವಾಗಿರಲಿ ಎಂದು ಬಂಗಾರದ ಡಬ್ಬಿಯ ಪಕ್ಕದಲ್ಲೇ ಇಟ್ಟಿದ್ದೆ. ಮನೆಗೆ ಬಂದವರು, "ಮಗಳಂದ್ರ ಹಿಂಗಿರಬೇಕು ನೋಡ್ರಿ, ತಾಯಿಗಿ ಒಂದು ಕಡ್ಡಿ ಎತ್ತಲಕ ಬಿಡಂಗಿಲ್ಲ" ಎಂದು ಹೊಗಳುತ್ತಿದ್ದರು. ಆ ಮಾತು ಕೇಳಲು ಹಿತವಾಗಿರುತ್ತಿತ್ತು. ಹೆಂಗಸರಿಗೆ ಹೊಗಳಿಕೆ ಸಿಗುವ ಜಾಗಗಳೇ ಕಡಿಮೆ. ಸೇವೆ ಅವುಗಳಲ್ಲಿ ಒಂದು. ಆ ಹೊಗಳಿಕೆಯ ಅಡಿಯಲ್ಲಿ ನನ್ನದೊಂದು ತಪ್ಪು ಅಡಗಿ ಕೂತಿದೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡ ಸೋದರಿಯರಿಗೆ ಉಪಯೋಗವಾದರೆ ಆಗಲಿ ಎಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವ್ವನಿಗೆ ಬಂದದ್ದು ಸಂಧಿವಾತ. ಡಾಕ್ಟರರ ಮಾತಿನಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್. ವಯಸ್ಸಾದ ಮೇಲೆ ಮೊಳಕಾಲು ಸವೆದು ಬರುವ ನೋವಲ್ಲ ಇದು. ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪದರದ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಬೆಳಿಗ್ಗೆ ಎದ್ದಾಗ ಬೆರಳುಗಳು ಮರಗಟ್ಟಿದ ಹಾಗಿರುತ್ತವೆ, ಸಡಿಲಾಗಲು ತಾಸಿಗೂ ಮೇಲೆ ಬೇಕು. ಔಷಧದಿಂದ ರೋಗ ಹತೋಟಿಗೆ ಬರುತ್ತದೆ, ಪೂರ್ತಿ ಬಿಟ್ಟುಹೋಗುವುದು ಅಪರೂಪ. "ಕಟ್ಕೊಂಡ ಗಂಡ ಇದ್ದಂಗ, ಸಂಭಾಳಸ್ಕೊಂಡು ಹೋಗಬೇಕು" ಎಂದು ಅವ್ವ ಮೊದಮೊದಲು ನಗೆಯಾಡುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅವಳು ಔರಾದದ ಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ದಿನ ಚಹಾದ ಭಾಂಡೆ ಕೈಯಿಂದ ಜಾರಿತೆಂದು ಸುದ್ದಿ ಬಂದದ್ದೇ ತಡ, ನಾನು ಮತ್ತು ಭಾಲ್ಕಿಯ ತಂಗಿ ಹೋಗಿ ಅವಳನ್ನು ಕರೆದುಕೊಂಡು ಬಂದೆವು. ಎರಡು ತಿಂಗಳು ಬೀದರ, ಎರಡು ತಿಂಗಳು ಭಾಲ್ಕಿ, ಹೀಗೆ ಪಾಳಿ ಹಚ್ಚಿದೆವು. ಅವಳ ಬಟ್ಟೆಯ ಚೀಲವೊಂದು, ಗುಳಿಗೆಯ ಡಬ್ಬಿಯೊಂದು, ಅವಳೊಬ್ಬಳು. ಮೂರನ್ನೂ ಜೋಪಾನವಾಗಿ ಇಳಿಸಿಕೊಳ್ಳುತ್ತಿದ್ದೆವು.

ಅವಳ ತಲೆ ನಾನೇ ಬಾಚಿದೆ. ರೊಟ್ಟಿ ಮುರಿದು, ಪಲ್ಯ ಕಲಸಿ ಕೊಟ್ಟೆ. ಮೈ ತೊಳೆದೆ, ಸೀರೆ ಉಡಿಸಿದೆ. ಇದರಲ್ಲಿ ಪ್ರೀತಿ ಇರಲಿಲ್ಲವೆಂದು ಹೇಳಲಾರೆ, ಇತ್ತು. ಆದರೆ ಅವಸರವೂ ಇತ್ತು. ಅವಳು ಒಂದು ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ತೆಗೆದುಕೊಂಡರೆ ನೋಡುತ್ತ ನಿಲ್ಲುವುದಕ್ಕಿಂತ ನಾನೇ ಹಾಕಿಬಿಡುವುದು ನನಗೆ ಸುಲಭವಾಗಿತ್ತು. ಅವಳ ಕಷ್ಟ ನೋಡಲಾರದೆ ಮಾಡಿದೆ ಎಂದುಕೊಳ್ಳುತ್ತಿದ್ದೆ. ಎಷ್ಟೋ ಸಲ ನನ್ನ ಹೊತ್ತು ಉಳಿಸಿಕೊಳ್ಳಲು ಮಾಡಿದ್ದೆ.

ಒಂದು ಮಧ್ಯಾಹ್ನ ಅವಳು ಒಣಗಿದ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ಮಡಚುತ್ತಿದ್ದಳು. ನಾನು ಓಡಿಹೋಗಿ, "ಬಿಡವ್ವಾ, ಕೈ ನೋಯ್ತಾವ" ಎಂದು ಎಳೆದುಕೊಂಡೆ. ಅವಳು ತಲೆ ಎತ್ತಿ ನೋಡಿ, "ನೋಯೋದು ನನ್ನ ಕೈ. ನಿನಗೇನಾಗ್ಲತ್ತದ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದವಳ ಹಾಗೆ ಕೇಳಿದಳು. ಆಮೇಲೆ ದಿನದಿನಕ್ಕೆ ಮಾತು ಕಡಿಮೆಯಾಯಿತು. ಊಟಕ್ಕೆ ಕರೆದರೆ ಬರುತ್ತಾಳೆ, ಮಲಗು ಎಂದರೆ ಮಲಗುತ್ತಾಳೆ. ಅವ್ವ ಈಗ ಹೊಂದಿಕೊಂಡಳು ಎಂದು ನಾವು ಅಕ್ಕತಂಗಿ ಫೋನಿನಲ್ಲಿ ಸಮಾಧಾನಪಟ್ಟುಕೊಂಡೆವು.

ಔಷಧ ಬದಲಿಸಲು ಹೈದರಾಬಾದಿಗೆ ಕರೆದುಕೊಂಡು ಹೋದಾಗ ಅಲ್ಲಿಯ ಡಾಕ್ಟರರು ನಮ್ಮನ್ನು ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿ ಸೂಜಿ, ಔಷಧ ಒಂದೂ ಇರಲಿಲ್ಲ. ಒಂದು ನಲ್ಲಿ, ಒಂದು ಒಲೆ, ಒಂದು ಮಂಚ, ಕೆಲವು ಭಾಂಡೆ, ಡಬ್ಬಿ, ಬೀಗಗಳು. ಯಾರದೋ ಮನೆಯನ್ನು ಬಿಚ್ಚಿ ತಂದಿಟ್ಟ ಹಾಗಿತ್ತು. ಅಲ್ಲಿದ್ದ ಹುಡುಗಿ ಆಕ್ಯುಪೇಷನಲ್ ಥೆರಪಿಸ್ಟ್. ಅವ್ವನ ಎದುರು ಕುಳಿತು ದಖನಿಯಲ್ಲಿ, ನಿಮಗೆ ಏನು ಮಾಡಬೇಕು ಅನಿಸುತ್ತದೆ ಎಂದು ಕೇಳಿದಳು. "ಮನೆಯಲ್ಲಿ ಎಲ್ಲಾ ನಾವೇ ಮಾಡ್ತೀವಿ, ಇವರಿಗೆ ಏನೂ ಕೆಲಸ ಇಲ್ಲ" ಎಂದು ನಾನು ಹೆಮ್ಮೆಯಿಂದ ಉತ್ತರ ಕೊಟ್ಟೆ. ಅವರೇ ಹೇಳಲಿ ಎಂದು ಅವಳು ಮೆಲ್ಲಗೆ ನನ್ನನ್ನು ತಡೆದಳು. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಏನು ಬೇಕೆಂದು ಅವಳನ್ನು ಯಾರೂ ಕೇಳದೆ ವರ್ಷ ದಾಟಿತ್ತು. ಕಡೆಗೆ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲೇ ಹೇಳಿದಳು: "ನನ್ನ ಮನಿ ಕೀಲಿ ನಾನೇ ತೆಗೀಬೇಕು."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ಮಾಡಿದ ಮೇಲೂ ಇವಳಿಗೆ ಔರಾದದ ಆ ಮನೆಯೇ ಬೇಕೆ?

ಆ ಹುಡುಗಿ ಮಾತ್ರ ಅದನ್ನು ಒಂದು ಲೆಕ್ಕವೆಂಬಂತೆ ತೆಗೆದುಕೊಂಡಳು. ಒಂದು ಬೀಗ ಮುಂದಿಟ್ಟಳು. ಅವ್ವ ಹೆಬ್ಬೆರಳು, ತೋರುಬೆರಳಿನ ನಡುವೆ ಕೀಲಿಕೈ ಹಿಡಿದು ತಿರುವಲು ಹೋಗಿ ಮುಖ ಹಿಂಡಿದಳು. ಆಗ ಹುಡುಗಿ ಅದೇ ಕೀಲಿಕೈಯ ತಲೆಯನ್ನು ಗೇಣುದ್ದದ ಒಂದು ಕಟ್ಟಿಗೆಯ ತುಂಡಿಗೆ ಅಡ್ಡಲಾಗಿ ಸಿಕ್ಕಿಸಿಕೊಟ್ಟಳು. ಅವ್ವ ಅದನ್ನು ಇಡೀ ಅಂಗೈಯಿಂದ ಹಿಡಿದು ಒತ್ತಿದಳು. ಬೀಗ ತೆರೆಯಿತು. ಇದರಲ್ಲಿ ಮಾಯೆ ಏನೂ ಇಲ್ಲ. ನಮ್ಮ ಅಜ್ಜಿಯರ ಬೀಸುಕಲ್ಲಿನ ಗೂಟ ನಡುವೆ ಇರದೆ ಅಂಚಿನಲ್ಲಿ ಏಕಿರುತ್ತದೆ? ನಡುವಿನಿಂದ ದೂರ ಹೋದಷ್ಟೂ ತಿರುವಲು ಬೇಕಾದ ಬಲ ಕಡಿಮೆ. ಅವ್ವ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿ, "ಕೀಲು ಹೋದವಳಿಗಿ ಕೀಲಿ ತೆಗಿಯೋ ವಿದ್ಯಾ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ನಗೆಮಾತು ಅದು.

ಆಕ್ಯುಪೇಷನಲ್ ಥೆರಪಿ ಎಂದರೆ ನೌಕರಿ ಕೊಡಿಸುವ ಚಿಕಿತ್ಸೆ ಎಂದು ನಾನು ತಿಳಿದಿದ್ದೆ. ಇಲ್ಲಿ ಆಕ್ಯುಪೇಷನ್ ಎಂದರೆ ಸಂಬಳದ ಕೆಲಸವಲ್ಲ. ಒಬ್ಬರ ದಿನವನ್ನು ತುಂಬುವ, ಇದು ನನ್ನದು ಎನಿಸುವ ಎಲ್ಲ ಕೆಲಸ: ಮೈ ತೊಳೆಯುವುದು, ದೀಪ ಹಚ್ಚುವುದು, ಬಂದವರಿಗೆ ಚಹಾ ಕೊಡುವುದು. 1917ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಒಂದು ಸಂಘ ಕಟ್ಟಿದವರಲ್ಲಿ ಮುಂದಾಗಿದ್ದ ಜಾರ್ಜ್ ಬಾರ್ಟನ್ ಡಾಕ್ಟರನಲ್ಲ, ಮನೆಗಳ ನಕ್ಷೆ ಬರೆಯುವವನು. ಕ್ಷಯ ಹಿಡಿದು, ಕಾಲಿನ ಭಾಗ ಕತ್ತರಿಸಿಕೊಂಡು, ಎಡಮೈ ಸ್ವಾಧೀನ ತಪ್ಪಿ ಮಲಗಿದ್ದವನು ಕೆಲಸ ಮಾಡುತ್ತ ಮಾಡುತ್ತಲೇ ಎದ್ದು ಕುಳಿತ. ಹಾಗಾಗಿ ಇದು ರೋಗಿಯೇ ಮುಂದೆ ನಿಂತು ಕಟ್ಟಿದ ವಿದ್ಯೆ. ನಮ್ಮ ದೇಶಕ್ಕೆ ಇದನ್ನು ತಂದವಳು ಒಬ್ಬ ಸೊಸೆ. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ನಿಂಬಕರ್ ಮನೆತನಕ್ಕೆ ಮದುವೆಯಾಗಿ ಬಂದು ಕಮಲಾ ನಿಂಬಕರ್ ಆದ ಆಕೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಮೊದಲ ಶಾಲೆ ತೆರೆದಳು. 1952ರಲ್ಲಿ ಜಾಗತಿಕ ಒಕ್ಕೂಟ ಹುಟ್ಟಿದಾಗ ಅದನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಆದರೂ ನಮ್ಮ ಕಡೆಯ ಹೆಂಗಸರಲ್ಲಿ ಎಷ್ಟು ಮಂದಿ ಇದರ ಹೆಸರು ಕೇಳಿದ್ದೇವೆ?

ಕಲಿಸಿದ್ದೆಲ್ಲ ಸಣ್ಣ ಸಣ್ಣ ಸಂಗತಿಗಳು. ಭಾಂಡೆಯನ್ನು ಬೆರಳ ತುದಿಯಿಂದ ಎತ್ತಬಾರದು, ಎರಡೂ ಅಂಗೈ ಕೆಳಗಿಟ್ಟು ಎತ್ತಬೇಕು. ಚೀಲವನ್ನು ಬೆರಳಿಗೆ ತೂಗುಹಾಕದೆ ಮುಂಗೈ ಮೇಲೆ ಹಾಕಿಕೊಳ್ಳಬೇಕು. ಸಣ್ಣ ಕೀಲಿನ ಭಾರವನ್ನು ದೊಡ್ಡ ಕೀಲಿಗೆ ದಾಟಿಸಬೇಕು. ಸೌಟು, ಬಾಚಣಿಕೆಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಬೇಕು, ಹಿಡಿ ದಪ್ಪವಾದಷ್ಟೂ ಬೆರಳು ಬಿಗಿಯಬೇಕಾಗಿಲ್ಲ. ಒದ್ದೆ ಬಟ್ಟೆ ಹಿಂಡಬಾರದು, ಅಂಗೈಯಿಂದ ಒತ್ತಿ ನೀರು ಇಳಿಸಬೇಕು. ಕೂತು ಮಾಡಬಹುದಾದ ಕೆಲಸವನ್ನು ನಿಂತು ಮಾಡಬಾರದು. ದಣಿಯುವ ಮೊದಲೇ ವಿಶ್ರಾಂತಿ ತೆಗೆದುಕೊಳ್ಳಬೇಕು, ದಣಿದ ಮೇಲಲ್ಲ. ಈ ಕಡೆಯ ಮಾತು ಅವ್ವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೈಯಲ್ಲಿ ಶಕ್ತಿ ಇರುವಾಗಲೇ ಕೂಡುವುದು ಅವಳ ಕಾಲದ ಹೆಂಗಸರಿಗೆ ಕಳ್ಳತನದ ಹಾಗೆ.

ಬೇಸಿಗೆಯ ಕೊಡದ ನೀರಿನ ಹಾಗೆ ಶಕ್ತಿಯನ್ನು ಲೆಕ್ಕ ಹಾಕಿ ಖರ್ಚು ಮಾಡಬೇಕು, ಯಾವ ಕೆಲಸ ಉಳಿಸಿಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ ಎಂದು ಆ ಹುಡುಗಿ ಕೇಳಿದಳು. ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ಉಳಿಸಿಕೊಳ್ಳುತ್ತಾಳೆ ಎಂದು ನಾನು ಪಣ ಕಟ್ಟಬಲ್ಲವಳಾಗಿದ್ದೆ. ಔರಾದದ ಓಣಿಯಲ್ಲಿ ಅವಳ ತೆಳ್ಳನೆಯ ರೊಟ್ಟಿಗೆ ಹೆಸರಿತ್ತು. ಅವಳು ಮೊದಲು ಬಿಟ್ಟದ್ದೇ ಅದನ್ನು. "ರೊಟ್ಟಿ ಯಾರು ಬಡದರೂ ರೊಟ್ಟಿನೇ. ಕೊಂಡು ತಿಂತೀನಿ" ಎಂದಳು. ಉಳಿಸಿಕೊಂಡದ್ದು ಮೂರು: ತನ್ನ ಸ್ನಾನ, ತನ್ನ ಬೆಳಗಿನ ಚಹಾ, ತನ್ನ ಬಾಗಿಲಿನ ಕೀಲಿ. ಐವತ್ತು ವರ್ಷ ಅವಳ ಜೊತೆ ಬದುಕಿದ ನನಗೆ ಅವಳಿಗೆ ಯಾವುದು ಮುಖ್ಯವೆಂದು ಗೊತ್ತಿರಲಿಲ್ಲ. ಗೊತ್ತಿದೆ ಎಂಬ ಧೈರ್ಯದಿಂದಲೇ ಅಷ್ಟೆಲ್ಲ ಸೇವೆ ಮಾಡಿದ್ದೆ.

ಈ ವಿದ್ಯೆಗೆ ಕನ್ನಡದಲ್ಲಿ ಒಂದು ಹೆಸರು ಇಡುವುದಾದರೆ ಕಾಯಕ ಚಿಕಿತ್ಸೆ ಎನ್ನಬಹುದು ಎಂದು ನನಗೆ ಆಗಾಗ ಅನಿಸುತ್ತದೆ. ಕಾಯಕದ ಮಾತು ಮೊಳಗಿದ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕತೆಯನ್ನು ನಾವೆಲ್ಲ ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಈ ಕತೆಯನ್ನು ನಾನು ದುರಾಸೆಯ ಬಗ್ಗೆ ಎಂದೇ ತಿಳಿದಿದ್ದೆ. ಸಹಾಯಕ್ಕೂ ಇದು ಸಲ್ಲುತ್ತದೆ. ಬೇಕಾದಷ್ಟು ಅಕ್ಕಿ ಅನ್ನವಾಗುತ್ತದೆ, ಬೇಡದ್ದು ಮನೆಯಲ್ಲಿ ಭಾರವಾಗಿ ಕೂರುತ್ತದೆ. ಎಷ್ಟು ಬೇಕು ಎಂಬುದನ್ನು ಲಕ್ಕಮ್ಮ ಹೇಳಬೇಕು, ಅಕ್ಕಿ ಕೊಡುವವರಲ್ಲ.

ಆದರೆ ಅವ್ವನನ್ನು ಔರಾದಕ್ಕೆ ಬಿಡುವ ಮಾತು ಎತ್ತಿದಾಗ ಭಾಲ್ಕಿಯ ತಂಗಿ ಹಾರಿಬಿದ್ದಳು. "ರಾತ್ರಿ ಬಿದ್ದರ ಯಾರದಾರ ಅಲ್ಲಿ? ಇಬ್ಬರು ಹೆಣ್ಣುಮಕ್ಕಳು ಇದ್ದೂ ತಾಯಿನ ಒಬ್ಬಾಕಿನ್ನೇ ಬಿಟ್ಟಾರಂತ ಮಂದಿ ಉಗುಳಂಗಿಲ್ಲೇನು? ನಿನಗ ಸಾಕಾಗ್ಯಾದಂದ್ರ ಹೇಳು, ನಾನೇ ಇಟ್ಕೋತೀನಿ." ಅವಳ ಕೋಪವನ್ನು ನಾನು ತಳ್ಳಿಹಾಕಲಾರೆ. ಸ್ವಾವಲಂಬನೆ ಒಳ್ಳೆಯ ಮಾತೇ, ಆದರೆ ಮುದುಕರನ್ನು ಕೈಬಿಡಲು ಅದೇ ಒಳ್ಳೆಯ ನೆಪವೂ ಆಗಬಲ್ಲದು. "ಅವರಿಗೆ ಒಬ್ಬರೇ ಇರೋದೇ ಇಷ್ಟ" ಎಂದು ಹೇಳಿಕೊಂಡು ವರ್ಷಗಟ್ಟಲೆ ಹೊಸ್ತಿಲು ತುಳಿಯದ ಮಕ್ಕಳನ್ನು ನಾವು ನೋಡಿಲ್ಲವೇ?

ನಮ್ಮ ಕಾನೂನಿನಲ್ಲೂ ಈ ಎರಡು ಮಾತು ಬೇರೆ ಬೇರೆ ಕಡೆ ಇವೆ. ತಂದೆತಾಯಿಗಳ ಪೋಷಣೆಗೆಂದು 2007ರಲ್ಲಿ ಒಂದು ಕಾಯ್ದೆ ಬಂದಿತು. ಮಕ್ಕಳು ತಾಯಿತಂದೆಯನ್ನು ನೋಡಿಕೊಳ್ಳಲೇಬೇಕು ಎನ್ನುತ್ತದೆ ಅದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಅಂಥವರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ, ಇಂಥ ವ್ಯವಸ್ಥೆಯಲ್ಲೇ ಇರಬೇಕೆಂಬ ಬಲವಂತ ಅವರ ಮೇಲೆ ಬೀಳದಂತೆ ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ ಇದು. ಒಂದು ಕೈ ಬಿಡಬೇಡ ಎಂದಿತು, ಇನ್ನೊಂದು ಕೈ ಕಟ್ಟಬೇಡ ಎಂದಿತು. ಅವ್ವನ ಹತ್ತಿರ ಅಂಗವಿಕಲಳೆಂಬ ಸರ್ಟಿಫಿಕೇಟು ಇರಲಿ, ಬಿಡಲಿ, ನ್ಯಾಯ ಅದೇ. ಈ ಎರಡರ ನಡುವಿನ ದಾರಿಯನ್ನು ಮಾತ್ರ ಪ್ರತಿ ಮನೆಯೂ ತಾನೇ ಹುಡುಕಿಕೊಳ್ಳಬೇಕು.

ನಾವು ಹುಡುಕಿದ ದಾರಿ ಗಾರೆ ಕೆಲಸದವನಿಂದ ಶುರುವಾಯಿತು. ಬಚ್ಚಲ ಗೋಡೆಗೆ ಕಬ್ಬಿಣದ ಹಿಡಿಕೆ ಹಾಕಿಸಿದೆವು. ನೆಲದ ಮೇಲಿನ ಸ್ನಾನದ ಕಲ್ಲಿನ ಬದಲು ಪ್ಲಾಸ್ಟಿಕ್ ಕುರ್ಚಿ, ಹಿತ್ತಲ ಪಾಯಿಖಾನೆಗೆ ಕಮೋಡು, ಅಲ್ಲಿಯವರೆಗೆ ರಾತ್ರಿಯಿಡೀ ಉರಿಯುವ ಒಂದು ದೀಪ. ತಿರುವುವ ನಲ್ಲಿ ತೆಗೆಸಿ ಮುಂಗೈಯಿಂದ ತಳ್ಳುವ ನಲ್ಲಿ ಕೂಡಿಸಿದೆವು. ಕೊಡ ಬಗ್ಗಿಸುವ ಬದಲು ನಲ್ಲಿಯಿರುವ ಮಡಕೆ ಬಂತು. ಡಬ್ಬಿಗಳೆಲ್ಲ ಅಟ್ಟದಿಂದ ಇಳಿದು ಸೊಂಟದ ಎತ್ತರಕ್ಕೆ ಬಂದವು. ಬಟ್ಟೆ, ನೆಲ ಮಾಡಿಕೊಡಲು ಪಕ್ಕದ ಓಣಿಯ ಒಬ್ಬ ಹೆಣ್ಣುಮಗಳು ಒಪ್ಪಿದಳು. ಅವ್ವ ತನ್ನ ಕಾಲ ಮೇಲೆ ತಾನು ನಿಂತಿದ್ದಾಳೆ ಎಂದು ಹೇಳುವಾಗ ಆ ಹೆಣ್ಣುಮಗಳ ಬೆನ್ನನ್ನು ನಾನು ಮರೆಯಬಾರದು. ಯಾರ ಸಹಾಯವೂ ಇಲ್ಲದ ಸ್ವಾವಲಂಬನೆ ಲೋಕದಲ್ಲಿ ಇಲ್ಲ. ಯಾವ ಸಹಾಯ, ಯಾರಿಂದ, ಎಷ್ಟು ಎಂದು ಹೇಳುವ ಬಾಯಿ ಯಾರದು ಎಂಬುದಷ್ಟೇ ಪ್ರಶ್ನೆ.

ಮನೆಗೆ ಮರಳಿದ ದಿನ ನಾವಿಬ್ಬರೂ ಅವ್ವನ ಹಿಂದೆ ನಿಂತಿದ್ದೆವು. ಕಟ್ಟಿಗೆಯ ಹಿಡಿ ಹಾಕಿದ ಕೀಲಿಕೈಯನ್ನು ಅವಳು ಬೀಗದಲ್ಲಿ ಇಟ್ಟಳು. ವರ್ಷದಿಂದ ಮುಟ್ಟದ ಬೀಗ, ತುಕ್ಕು ಹಿಡಿದಿತ್ತು. ಒಂದು ಸಲ ಜಾರಿತು, ಎರಡನೆಯ ಸಲವೂ ಜಾರಿತು. ನಾನು ಕೈ ಎರಡನ್ನೂ ಹಿಂದೆ ಕಟ್ಟಿಕೊಂಡೆ. ಅಷ್ಟು ಕಷ್ಟದ ಸೇವೆಯನ್ನು ಆ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ನಾನು ಮಾಡಿರಲಿಲ್ಲ. ತಂಗಿ ಅಳುತ್ತಿದ್ದಳು. ಎಷ್ಟು ಹೊತ್ತಾಯಿತೋ ತಿಳಿಯದು, ಬೀಗ ತೆರೆಯಿತು. ಅವ್ವ ಒಳಗೆ ಹೋಗಿ, ತಿರುಗಿ ನಿಂತು, "ಬರ್ರಿ ಒಳಗ, ಚಾ ಮಾಡ್ತೀನಿ" ಎಂದಳು. ನಾವು ಅವಳ ಮನೆಗೆ ಬಂದ ನೆಂಟರಾದೆವು.

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆನ್ನಾಗಿರುತ್ತದೆ, ಆದರೆ ಅದು ಅರ್ಧ ಸತ್ಯ. ನಾಲ್ಕನೆಯ ತಿಂಗಳು ಚಹಾ ಬಗ್ಗಿಸುವಾಗ ಚೆಲ್ಲಿ ಅವಳ ಮುಂಗೈ ಸುಟ್ಟಿತು. "ನಾ ಹೇಳಿರಲಿಲ್ಲೇನು?" ಎಂದಳು ತಂಗಿ. ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿಯೇ ಕರೆದುಕೊಂಡು ಬರಲೆಂದು ಔರಾದಕ್ಕೆ ಹೋದೆ. ಅವ್ವ ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಒಲಿ ಮುಂದ ಐವತ್ತು ವರ್ಷ ಕುಂತೀನಿ. ನಿಮ್ಮೆಲ್ಲರಿಗಿ ರೊಟ್ಟಿ ಬಡಿಯೋವಾಗ ಎಷ್ಟು ಸಲ ಸುಟ್ಕೊಂಡಿಲ್ಲ ನಾನು? ಆವಾಗ ಯಾರರೇ ನನ್ನ ಒಲಿ ಕಸ್ಕೊಂಡ್ರೇನು?"

ನಾನು ಅಲ್ಲಿಯೇ ಕುಳಿತುಬಿಟ್ಟೆ. ಹೌದಲ್ಲ. ಬೇರೆಯವರಿಗಾಗಿ ದುಡಿಯುವಾಗ ಹೆಂಗಸಿನ ಕೈ ಸುಟ್ಟರೆ ಅದು ಸಂಸಾರ. ತನಗಾಗಿ ಒಂದು ಕಪ್ಪು ಚಹಾ ಮಾಡಿಕೊಳ್ಳುವಾಗ ಸುಟ್ಟರೆ ಅದು ಅಪಾಯ. ಅವಳನ್ನು ಅಪಾಯದಿಂದ ಕಾಪಾಡುವ ಆಸೆ ನಮಗೆ ಇಷ್ಟು ತಡವಾಗಿ ಏಕೆ ಹುಟ್ಟಿತು?

ಇದರಿಂದ ಅಪಾಯ ಸುಳ್ಳಾಗುವುದಿಲ್ಲ. ಮರುದಿನ ಒಲೆಯ ಪಕ್ಕದಲ್ಲಿ ಒಂದು ಸ್ಟೂಲು ಬಂತು, ಎರಡು ಹಿಡಿಕೆಯ ಸಣ್ಣ ಭಾಂಡೆ ಬಂತು, ಬಗ್ಗಿಸುವ ಬದಲು ಸೌಟಿನಿಂದ ತೋಡಿಕೊಳ್ಳುವ ಉಪಾಯ ಬಂತು. ಉಪಾಯ ಮುಗಿದ ಮೇಲೂ ಉಳಿಯುವ ಅಪಾಯ ಅವಳದು, ಅದರ ಭಯ ನನ್ನದು. ನನ್ನ ಭಯಕ್ಕೆ ಅವಳಿಂದ ಬೆಲೆ ಕೊಡಿಸಬಾರದು ಎಂಬುದನ್ನು ನಾನು ಈಗಲೂ ಕಲಿಯುತ್ತಿದ್ದೇನೆ. ಬುದ್ಧಿಯೇ ಮಂಕಾದ ಕಾಯಿಲೆಯವರ ಮಾತು ಬೇರೆ. ಅಲ್ಲಿ ಲೆಕ್ಕವೂ ಬೇರೆ. ಆದರೆ ಕೈಕಾಲು ಸೋತವರ ಬುದ್ಧಿಯೂ ಸೋತಿದೆ ಎಂದು ತಿಳಿಯುವ ತಪ್ಪನ್ನು ನಾವು ಬಹಳ ಸುಲಭವಾಗಿ ಮಾಡುತ್ತೇವೆ.

ಹೋದ ಮಳೆಗಾಲದಲ್ಲಿ ರೋಗ ಕೆರಳಿ ಅವಳ ಬೆರಳೆಲ್ಲ ಬಾತವು. ಆಗ ಅವಳೇ ತಂಗಿಗೆ ಫೋನು ಮಾಡಿ, "ಮೂರು ವಾರ ನಿನ್ನ ಬಲ್ಲಿ ಇರ್ತೀನಿ" ಎಂದಳು. ಬೀಗ ತಾನೇ ಹಾಕಿ, ಕೀಲಿಕೈಯನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ಭಾಲ್ಕಿಗೆ ಹೋದಳು. ತಂಗಿಯೇ ತಲೆ ಬಾಚಿದಳು, ಊಟ ಕಲಸಿ ಕೊಟ್ಟಳು. ಮೊದಲು ಮಾಡಿದ್ದ ಸೇವೆಯೇ ಎಲ್ಲ. ಈ ಸಲ ಅವ್ವ ಮಾತು ನಿಲ್ಲಿಸಲಿಲ್ಲ, "ಜಡಿ ಬಿಗಿಯಾಯ್ತು, ಸಡಿಲ ಮಾಡು" ಎಂದು ತಂಗಿಯನ್ನು ಗದರಿಸಿದಳಂತೆ. ತಂಗಿ ನನಗೆ ಫೋನು ಮಾಡಿ ಅದನ್ನು ಹೇಳುವಾಗ ನಗುತ್ತಿದ್ದಳು.

ಈಗ ಹದಿನೈದು ದಿನಕ್ಕೊಮ್ಮೆ ನಾನು ಔರಾದಕ್ಕೆ ಹೋಗುತ್ತೇನೆ. ಬಾಗಿಲು ಬಡಿದು ಹೊರಗೆ ನಿಲ್ಲುತ್ತೇನೆ. ಒಳಗಿನಿಂದ ಕೋಲಿನ ಸಪ್ಪಳ ನಿಧಾನವಾಗಿ ಹತ್ತಿರ ಬರುತ್ತದೆ. ಎದುರು ಮನೆಯಾಕೆ ಒಮ್ಮೊಮ್ಮೆ, "ನಿನ್ನ ಹತ್ರ ಒಂದು ಕೀಲಿಕೈ ಇಟ್ಕೋಬಾರದೇನವ್ವ, ಮುದುಕಿನ ಎಬ್ಬಸ್ತಿ" ಎನ್ನುತ್ತಾಳೆ. ಎರಡನೆಯದೊಂದು ಕೀಲಿಕೈ ಇದೆ. ಆಪತ್ತಿಗೆ ಇರಲಿ ಎಂದು ಅವ್ವನೇ ಅದನ್ನು ಆ ಎದುರು ಮನೆಯಾಕೆಯ ಕೈಯಲ್ಲಿ ಕೊಟ್ಟಿದ್ದಾಳೆ. ನನಗೆ ಕೊಟ್ಟಿಲ್ಲ. ನಾನೂ ಕೇಳಿಲ್ಲ.